ಕೊರಿಯಾದ ವಿಳಾಸದಲ್ಲಿ ಎರಡು ‘ದೊಂಗ್’

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಮನೆ ಹಿಡಿದವರ ವಿಳಾಸದಲ್ಲಿ ‘ದೊಂಗ್’ ಸಾಮಾನ್ಯವಾಗಿ ಎರಡು ಸಲ ಬರುತ್ತದೆ. ರಸ್ತೆಯ ಹೆಸರು, ಕಟ್ಟಡದ ನಂಬರ್ ಆದ ಮೇಲೆ ‘101-ದೊಂಗ್ 1203-ಹೊ’ ಅಂತ ಒಮ್ಮೆ. ಕೊನೆಗೆ ಆವರಣದೊಳಗೆ ‘ಯೊಕ್ಸಮ್-ದೊಂಗ್’ ಅಂತ ಇನ್ನೊಮ್ಮೆ. ಕೊರಿಯನ್ನರ ಹಂಗುಲ್ ಲಿಪಿಯಲ್ಲಿ ಎರಡೂ ಒಂದೇ ಅಕ್ಷರ, ಮೂಲದ ಚೀನೀ ಅಕ್ಷರ ಮಾತ್ರ ಬೇರೆ.

ಮೊದಲನೆಯದು ಅಪಾರ್ಟ್‌ಮೆಂಟಿನ ಬ್ಲಾಕ್. ಅದರ ಚೀನೀ ಅಕ್ಷರಕ್ಕೆ ಮಾಡಿನ ನೆತ್ತಿಯ ತೊಲೆ ಎಂದರ್ಥ. ‘ಹೊ’ ಅಂದರೆ ಮನೆ ನಂಬರ್. ದೊಡ್ಡ ಸಮುಚ್ಚಯಗಳಲ್ಲಿ ಬ್ಲಾಕುಗಳೆಲ್ಲ ಒಂದೇ ಥರ, ಗೋಡೆಯ ಮೇಲೆ ಎತ್ತರದಲ್ಲಿ ಬರೆದ 101, 102ರಿಂದಲೇ ಗುರುತು. 1203 ನಂಬರಿನ ಮನೆ ಹಲವು ಬ್ಲಾಕುಗಳಲ್ಲಿ ಇರುತ್ತದೆ. ಹಾಗಾಗಿ ಪಾರ್ಸೆಲ್ ತರಿಸುವಾಗ ಬ್ಲಾಕ್ ನಂಬರ್ ಬಿಡಲೇಬೇಡಿ.

ಎರಡನೆಯದು ಬಡಾವಣೆ. ಈ ಅಕ್ಷರದ ಮೂಲಾರ್ಥ ಟೊಳ್ಳು, ಗವಿ. ಗುಹೆಗೆ ಹೇಳುವ ‘ದೊಂಗ್‌ಗುಲ್’ನಲ್ಲೂ ಇದೇ ಇದೆ. 2014ರಿಂದ ರಸ್ತೆ ಹೆಸರಿನ ವಿಳಾಸವೇ ಅಧಿಕೃತವಾದರೂ ಜನರ ಬಾಯಲ್ಲಿ ದೊಂಗ್ ಇನ್ನೂ ಗಟ್ಟಿಯಾಗಿದೆ. ಇಲ್ಲೊಂದು ತೊಡಕುಂಟು. ವಿಳಾಸದಲ್ಲಿರುವ ಯೊಕ್ಸಮ್-ದೊಂಗ್ ಒಂದೇ, ಆಡಳಿತಕ್ಕೆ ಮಾತ್ರ ಅದು ಯೊಕ್ಸಮ್ 1, ಯೊಕ್ಸಮ್ 2 ಎಂದು ಎರಡು. ದೊಂಗ್ ಕಚೇರಿಗೆ ಹೊರಡುವ ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಚೀನೀಯಲ್ಲಿ ಬೇರೆ ಬೇರೆ ಅಕ್ಷರಗಳಲ್ಲಿ ಬರೆಯುವ ಎಷ್ಟೋ ಪದಗಳು ಕೊರಿಯನ್‌ಗೆ ಬಂದು ಒಂದೇ ‘ದೊಂಗ್’ ಆಗಿವೆ. ಅದಕ್ಕೇ ಆನ್‌ದೊಂಗ್ ಅಂದರೆ ಬಡಾವಣೆಯಲ್ಲ, ಒಂದು ಊರು. ಅಲ್ಲಿ ದೊಂಗ್ ಅಂದರೆ ಪೂರ್ವ. ಮೂಡಲ ಹೆಬ್ಬಾಗಿಲು ‘ದೊಂಗ್‌ದೆಮುನ್’ನಲ್ಲೂ ಅದೇ ಪೂರ್ವ. ಬಾಡಿಗೆ ಮನೆ ಹುಡುಕುವಾಗ ಬೀದಿಬೀದಿಯಲ್ಲೂ ಕಾಣುವ ‘ಬುದೊಂಗ್‌ಸಾನ್’ ಬೋರ್ಡಿನಲ್ಲಿ ದೊಂಗ್ ಅಂದರೆ ಚಲನೆ, ‘ಬು’ ಅಂದರೆ ಇಲ್ಲ, ‘ಸಾನ್’ ಅಂದರೆ ಆಸ್ತಿ. ನಮ್ಮ ಸ್ಥಿರಾಸ್ತಿಯೇ! ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ದೊಂಗ್‌ಸೆಂಗ್’. ತಮ್ಮನಿಗೂ ತಂಗಿಗೂ ಅದೇ ಪದ. ದೊಂಗ್ ಅಂದರೆ ಒಂದೇ, ಸೆಂಗ್ ಅಂದರೆ ಹುಟ್ಟು. ನಾವು ‘ಒಡಹುಟ್ಟಿದವರು’ ಅನ್ನುವುದೂ ಇದನ್ನೇ ಅಲ್ಲವೇ?

ಇನ್ನು ಬರೆಯುವ ರೀತಿ. ಮೇಲೆ ದ, ನಡುವೆ ಒ, ಅಡಿಯಲ್ಲಿ ಒಂದು ಸೊನ್ನೆ. ಆ ಸೊನ್ನೆ ನಮ್ಮ ಅನುಸ್ವಾರದ ಹಾಗೆ ಮೂಗಿನ ದನಿ ಕೊಡುತ್ತದೆ. ಉಚ್ಚಾರದಲ್ಲಿ ಮಾತ್ರ ಜಾಗ್ರತೆ ಬೇಕು. ಪದದ ನಡುವೆ ‘ದ’ ಕೇಳಿಸಿದರೂ ಮೊದಲಲ್ಲಿ ಅದು ‘ತ’ದ ಕಡೆಗೆ ಜಾರುತ್ತದೆ. ಹಾಗೆಂದು ನಮ್ಮ ಗಟ್ಟಿ ‘ತ’ ಹಾಕಿ ‘ತೊಂಗ್’ ಅಂದರೆ ಕೊರಿಯನ್ನರ ಕಿವಿಗೆ ಮಲ ಎಂಬ ಪದದಂತೆ ಕೇಳಿಸಬಹುದು. ಸ್ವಲ್ಪ ಉಸಿರು ಬಿಟ್ಟು, ಮೆತ್ತಗೆ ಅನ್ನಿ.

ಹೊಸ ‘ದೊಂಗ್’ ಸಿಕ್ಕಾಗಲೆಲ್ಲ ಕೊರಿಯಾದ ಜಾಲತಾಣ ನೇವರ್‌ನ ನಿಘಂಟು ತೆರೆಯಿರಿ. ಪದದ ಪಕ್ಕದಲ್ಲೇ ಅದರ ಚೀನೀ ಅಕ್ಷರ ಇರುತ್ತದೆ.