ಇಟಾಲಿಯನ್ ಸ್ಟೀಕ್‌ಹೌಸ್‌ಗೆ ಮನೆಮಂದಿಯೆಲ್ಲ ಹೋಗುವುದು ಹೇಗೆ?

ನ್ಯೂಜೆರ್ಸಿಯಲ್ಲಿ ಮನೆ ಮಾಡಿದವರಿಗೆ ಆಸುಪಾಸಿನಲ್ಲಿ ಒಂದು ಇಟಾಲಿಯನ್ ಸ್ಟೀಕ್‌ಹೌಸ್ ಸಿಕ್ಕೇ ಸಿಗುತ್ತದೆ. ಮಂದ ಬೆಳಕು, ಬಿಳಿ ಮೇಜುಬಟ್ಟೆ, ಗೋಡೆ ತುಂಬ ಹಳೇ ಫೋಟೊ, ವರ್ಷಗಟ್ಟಲೆಯಿಂದ ಅಲ್ಲೇ ಇರುವ ವೇಟರ್. ನಮ್ಮವರು ಬಹಳ ಜನ ಅದರ ಮುಂದೆ ದಿನಾ ಕಾರಿನಲ್ಲಿ ಹೋಗುತ್ತಾರೆ, ಒಳಗೆ ಕಾಲಿಡುವುದಿಲ್ಲ. ಸ್ಟೀಕ್ ಅಂದರೆ ದನದ ಮಾಂಸ, ನಮಗ್ಯಾಕೆ ಅಂತ. ನಾನೂ ಆರು ವರ್ಷ ಹಾಗೇ ಅಂದುಕೊಂಡಿದ್ದೆ.

ಆದರೆ ಬೋರ್ಡಿನ ಮೊದಲ ಪದ ನೋಡಿ. ಇಟಾಲಿಯನ್ ಅಂತಲೂ ಇದೆ, ಅಲ್ವಾ? ನಮ್ಮ ಮನೆಯಲ್ಲಿ ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು, ಯಜಮಾನರು ಕೋಳಿವರೆಗೆ. ಇಲ್ಲೇ ಹುಟ್ಟಿದ ಮಗನಿಗೆ ಯಾವುದೂ ವರ್ಜ್ಯವಲ್ಲ. ಇಂಥ ನಾಲ್ಕು ಜನ ಒಂದೇ ಮೇಜಿಗೆ ಕೂತು ಉಣ್ಣಬಹುದಾದ ಜಾಗ ಇದು. ಬರೀ ಸ್ಟೀಕ್‌ಹೌಸ್‌ನಲ್ಲಿ ಅತ್ತೆಗೆ ಬೇಯಿಸಿದ ಆಲೂಗಡ್ಡೆಯೇ ಗತಿ.

1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡವರು. ಊರಲ್ಲಿ ಮಾಂಸ ಹಬ್ಬಕ್ಕೊಮ್ಮೆ ಕಂಡರೆ ಹೆಚ್ಚು. ಇಲ್ಲಿ ಅದು ಕೈಗೆಟುಕಿತು. ಊರಿನ ಟೊಮೆಟೊ ಸಾಸಿನ ಪಕ್ಕಕ್ಕೆ ಅಮೆರಿಕದ ದಪ್ಪ ಸ್ಟೀಕ್ ಬಂದು ಕೂತಿದ್ದು ಹೀಗೆ.

ಮೊದಲು ಫೋನ್ ಮಾಡಿ

ಶುಕ್ರವಾರ, ಶನಿವಾರ ಸಂಜೆಯಾದರೆ ಮೇಜು ಕಾದಿರಿಸಿ. ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಿ: ವೈನ್ ನಾವೇ ತರಬೇಕಾ? ನ್ಯೂಜೆರ್ಸಿಯಲ್ಲಿ ಪ್ರತಿ 3,000 ಜನಸಂಖ್ಯೆಗೆ ಒಂದು ಮದ್ಯದ ಲೈಸೆನ್ಸ್ ಅನ್ನುವ ಲೆಕ್ಕವಿದೆ. ಹಾಗಾಗಿ ಲೈಸೆನ್ಸಿಗೆ ಭಾರಿ ಬೆಲೆ. ಅದಿಲ್ಲದ ಹೋಟೆಲುಗಳು ಬಹಳ. ಅಂಥ ಕಡೆ ಗಿರಾಕಿಗಳು ಬಾಟಲಿ ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ಕುಡಿಯುವವರಿಗೆ ಒಳ್ಳೇ ಉಳಿತಾಯ.

ಬ್ರೆಡ್ ಬುಟ್ಟಿ ಬಂದಾಗ

ಕೂತ ಕೂಡಲೇ ಬಿಸಿ ಬ್ರೆಡ್, ಆಲಿವ್ ಎಣ್ಣೆ ಬರುತ್ತದೆ. ಬಹಳ ಕಡೆ ಪುಕ್ಕಟೆ. ಒಂದು ತುಂಡು ತಿಂದು ಬುಟ್ಟಿಯನ್ನು ದೂರ ಸರಿಸಿ. ಇಲ್ಲದಿದ್ದರೆ ಮದುವೆ ಮನೆಯಲ್ಲಿ ಚಿತ್ರಾನ್ನಕ್ಕೇ ಹೊಟ್ಟೆ ತುಂಬಿಸಿಕೊಂಡು, ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದ ಕಥೆಯಾಗುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಎಡವಿದ್ದು ಇಲ್ಲೇ.

ಮೊದಲ ಸಲ ಹೋದಾಗ ಅತ್ತೆಗೆ ಸೀಸರ್ ಸಲಾಡ್ ಹೇಳಿದೆ. ಬರೀ ಸೊಪ್ಪಲ್ವಾ ಅಂತ. ಅರ್ಧ ತಟ್ಟೆ ಖಾಲಿಯಾದ ಮೇಲೆ ಅತ್ತೆ, ‘ಏನೋ ಉಪ್ಪುಪ್ಪಾಗಿ ವಾಸನೆ ಬರ್ತಿದೆಯಲ್ಲೇ’ ಅಂದರು. ವೇಟರನ್ನು ಕೇಳಿದೆ. ‘ಆಂಚೊವಿ, ಮೇಡಂ. ಸಣ್ಣ ಮೀನು, ಅರೆದು ಹಾಕಿರ್ತೀವಿ’ ಅಂದ, ಹೆಮ್ಮೆಯಿಂದಲೇ. ಅತ್ತೆ ಫೋರ್ಕ್ ಕೆಳಗಿಟ್ಟರು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ರಾತ್ರಿ ಹತ್ತು ಗಂಟೆಗೆ ಮನೆಗೆ ಬಂದು ತಲೆಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. (ಈ ಸೀಸರ್ ರೋಮಿನ ದೊರೆಯಲ್ಲ. ಮೆಕ್ಸಿಕೊದ ಟಿಹುವಾನಾದಲ್ಲಿ ಹೋಟೆಲ್ ಇಟ್ಟಿದ್ದ ಸೀಸರ್ ಕಾರ್ಡಿನಿ ಅನ್ನುವ ಇಟಾಲಿಯನ್ ವಲಸಿಗ.)

ಹಾಗಾಗಿ ‘ವೆಜಿಟೇರಿಯನ್’ ಅಂತ ಒಂದು ಮಾತು ಹೇಳಿ ಸುಮ್ನಾಗಬೇಡಿ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಮಾಂಸ ಬೇಯಿಸಿದ ನೀರೂ ಇಲ್ಲ ಅಂತ ಬಿಡಿಸಿ ಹೇಳಿ. ಈ ಕೊನೆಯದು ಮುಖ್ಯ. ಮಿನೆಸ್ಟ್ರೋನೆ ಸೂಪಿನಲ್ಲಿ ಕಾಣುವುದೆಲ್ಲ ತರಕಾರಿಯೇ, ಆದರೆ ನೀರು ಮಾಂಸದ್ದಿರಬಹುದು. ರಿಸೊಟ್ಟೊ ಅನ್ನುವ ಇಟಾಲಿಯನ್ ಅನ್ನವನ್ನು ಎಷ್ಟೋ ಕಡೆ ಕೋಳಿ ಸಾರಿನಲ್ಲೇ ಬೇಯಿಸುತ್ತಾರೆ. ಸಾಸ್, ಚೀಸ್ ಹಾಕಿ ಮಾಡುವ ಬದನೆಕಾಯಿ ಪಾರ್ಮಿಜಾನದ ಹೋಳನ್ನು ಕರಿಯುವ ಮುಂಚೆ ಮೊಟ್ಟೆಯಲ್ಲಿ ಅದ್ದುವುದು ಮಾಮೂಲು. ಕೈಯಲ್ಲಿ ಮಾಡಿದ ತಾಜಾ ಪಾಸ್ತಾದಲ್ಲೂ ಮೊಟ್ಟೆ ಜಾಸ್ತಿ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೇಲೆ ತುರಿದು ಹಾಕುವ ಅಸಲಿ ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಚೀಸ್ ಬೇಡ ಅನ್ನಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಏನು ಉಳಿಯಿತು ಅಂತೀರಾ? ಬೇಕಾದಷ್ಟಿದೆ. ಒಣ ಸ್ಪಗೆಟ್ಟಿಯಲ್ಲಿ ಮಾಡಿದ ಆಲ್ಯೊ ಏ ಓಲ್ಯೊ ಕೇಳಿ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನ ಚೂರು. ಅಂದರೆ ನಮ್ಮ ಬೆಳ್ಳುಳ್ಳಿ ಒಗ್ಗರಣೆಗೆ ಶಾವಿಗೆ ಕಲೆಸಿದ ಹಾಗೆ. ಮರಿನಾರಾ ಅನ್ನುವ ಟೊಮೆಟೊ ಸಾಸಿನ ಪೆನ್ನೆಯೂ (ಕೊಳವೆಯಂಥ ಪಾಸ್ತಾ) ಆದೀತು. ಜೊತೆಗೆ ಬೆಳ್ಳುಳ್ಳಿ ಹಾಕಿ ಬಾಡಿಸಿದ ಪಾಲಕ್ ಅಥವಾ ಬ್ರೊಕೊಲಿ ರಾಬ್. ರಾಬ್ ಸ್ವಲ್ಪ ಕಹಿ. ಮೆಂತ್ಯ ಸೊಪ್ಪು ಇಷ್ಟಪಡುವವರಿಗೆ ಹಿಡಿಸುತ್ತದೆ.

ಕೋಳಿಯವರಿಗೆ ಚಿಕನ್ ಪಾರ್ಮ್, ಅಂದರೆ ಕರಿದ ಕೋಳಿಯ ಮೇಲೆ ಟೊಮೆಟೊ ಸಾಸ್, ಚೀಸ್. ಇಡೀ ತಟ್ಟೆ ಮುಚ್ಚುವಷ್ಟು ಅಗಲ. ಇಬ್ಬರಿಗೆ ಒಂದು ಸಾಕು.

ಸ್ಟೀಕ್ ತಿನ್ನುವವರಿಗೆ

ಇದನ್ನು ಮಗನಿಂದ, ವೇಟರಿನಿಂದ ಕಲಿತು ಹೇಳುತ್ತಿದ್ದೇನೆ. ಮಾಂಸದ ಒಂದೊಂದು ತುಂಡಿಗೂ ಒಂದೊಂದು ಹೆಸರು. ಫಿಲೆ ಬೆಣ್ಣೆಯ ಹಾಗೆ ಮೆತ್ತಗೆ, ರುಚಿ ಸಪ್ಪೆ. ರಿಬ್‌ಐಯಲ್ಲಿ ಕೊಬ್ಬು ಜಾಸ್ತಿ, ರುಚಿಯೂ ಜಾಸ್ತಿ. ನ್ಯೂಯಾರ್ಕ್ ಸ್ಟ್ರಿಪ್ ಇವೆರಡರ ನಡುವೆ. ಇಬ್ಬರಿದ್ದರೆ ಪೋರ್ಟರ್‌ಹೌಸ್. ಟಿ ಆಕಾರದ ಮೂಳೆ, ಒಂದು ಕಡೆ ಸ್ಟ್ರಿಪ್, ಇನ್ನೊಂದು ಕಡೆ ಫಿಲೆ. ಫಿಲೆಯ ಭಾಗ ಒಂದೂಕಾಲು ಇಂಚಾದರೂ ಅಗಲ ಇದ್ದರೆ ಮಾತ್ರ ಆ ಹೆಸರು. ಅದಕ್ಕಿಂತ ಕಮ್ಮಿಯಾದರೆ ಟಿ-ಬೋನ್.

ಎಷ್ಟು ಬೇಯಿಸಬೇಕು ಅಂತ ಕೇಳುತ್ತಾರೆ. ಹೊಸಬರು ಗಾಬರಿಯಾಗಿ ‘ವೆಲ್ ಡನ್’, ಅಂದರೆ ಪೂರ್ತಿ ಬೇಯಿಸಿ, ಅಂದುಬಿಡುತ್ತಾರೆ. ದುಡ್ಡು ಕೊಟ್ಟು ಚಪ್ಪಲಿ ಅಗಿದ ಹಾಗಾಗುತ್ತದೆ. ಮೀಡಿಯಂ ರೇರ್ ಅಂದರೆ ಒಳಗೆ 130ರಿಂದ 135 ಡಿಗ್ರಿ ಫ್ಯಾರನ್‌ಹೀಟ್, ನಡುವೆ ಬೆಚ್ಚನೆಯ ಕೆಂಪು. ಮೀಡಿಯಂ 140ರ ಮೇಲೆ, ತಿಳಿ ಗುಲಾಬಿ. ಸರ್ಕಾರಿ ಸಲಹೆ 145 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡಬೇಕು. ಮೊದಲ ಸಲಕ್ಕೆ ಮೀಡಿಯಂ ಹೇಳಿ. ತಟ್ಟೆ ಬಂದ ಕೂಡಲೇ ನಟ್ಟನಡುವೆ ಕೊಯ್ದು ನೋಡಿ. ಕಮ್ಮಿ ಬೆಂದಿದ್ದರೆ ವಾಪಸ್ ಕಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜಾಸ್ತಿ ಬೆಂದದ್ದನ್ನು ಮಾತ್ರ ಯಾರೂ ಸರಿಮಾಡಲಾರರು, ಸಾರಿಗೆ ಬಿದ್ದ ಉಪ್ಪಿನ ಹಾಗೆ. ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತ ಅಲ್ಲ. ಮಾಂಸಖಂಡದ ಮಯೊಗ್ಲೋಬಿನ್ ಅನ್ನುವ ಪ್ರೋಟೀನಿನ ಬಣ್ಣ.

ಪಲ್ಯ, ಆಲೂಗಡ್ಡೆಗೆ ಬೇರೆ ಬಿಲ್. ನಾಲ್ಕು ಜನಕ್ಕೆ ಎರಡು ಸಾಕು. ಇನ್ನೊಂದು, ವೇಟರ್ ಬಾಯಲ್ಲೇ ಪಟಪಟ ಒಪ್ಪಿಸುವ ‘ಇವತ್ತಿನ ಸ್ಪೆಷಲ್’ಗೆ ಬೆಲೆ ಹೇಳದಿರುವುದೇ ಹೆಚ್ಚು. ಮೆನುವಿನಲ್ಲಿ ‘ಮಾರ್ಕೆಟ್ ಪ್ರೈಸ್’ ಅಂತಿದ್ದರೂ ಅಷ್ಟೇ. ನಾಚಿಕೊಳ್ಳದೆ ಕೇಳಿ. ನಾವು ಒಂದು ಸಲ ಕೇಳದೆ ಸಿಗಡಿ ತರಿಸಿ, ವಾರವೆಲ್ಲ ಮೊಸರನ್ನ ತಿಂದಿದ್ದೇವೆ.

ಸಿಹಿಗೆ ಕನೋಲಿ (ಕರಿದ ಕೊಳವೆಯೊಳಗೆ ಸಿಹಿ ಚೀಸ್) ನನ್ನ ಆಯ್ಕೆ. ತಿರಮಿಸುವಿನಲ್ಲಿ ಮೊಟ್ಟೆ ಇರುತ್ತದೆ, ಪನ್ನಾ ಕೊಟಾದಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಅತ್ತೆಗೆ ಬರೀ ಹಣ್ಣು.

ಬಿಲ್ ಮತ್ತು ಡಬ್ಬಿ

100 ಡಾಲರ್ ಊಟಕ್ಕೆ ನ್ಯೂಜೆರ್ಸಿಯ ತೆರಿಗೆ 6.625 ಪರ್ಸೆಂಟ್ ಸೇರುತ್ತದೆ. ಟಿಪ್ಸ್ 18ರಿಂದ 20 ಪರ್ಸೆಂಟ್, ತೆರಿಗೆ ಸೇರಿಸುವ ಮುಂಚಿನ ಮೊತ್ತಕ್ಕೆ ಲೆಕ್ಕ ಹಾಕಿ. ಇದನ್ನು ತಪ್ಪಿಸಬೇಡಿ, ಅವರ ಸಂಬಳ ನಿಂತಿರುವುದೇ ಇದರ ಮೇಲೆ. ದೊಡ್ಡ ಗುಂಪಾದರೆ ಹೋಟೆಲಿನವರೇ ಸೇರಿಸಿರುತ್ತಾರೆ, ಎರಡೆರಡು ಸಲ ಕೊಡುವ ಮುಂಚೆ ಬಿಲ್ ಓದಿ.

ಉಳಿದದ್ದಕ್ಕೆ ಡಬ್ಬಿ ಕೇಳುವುದು ಇಲ್ಲಿ ಅವಮಾನವಲ್ಲ. ಹೋದ ತಿಂಗಳು ಅತ್ತೆ ಮತ್ತೆ ಬಂದಿದ್ದರು. ನೀರಿನ ಲೋಟ ಇಡುವ ಮುಂಚೆಯೇ ವೇಟರನ್ನು ‘ನೋ ಫಿಶ್?’ ಅಂತ ಕೇಳಿದರು. ಅವನು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ‘ನೋ ಫಿಶ್’ ಅಂದ. ಅರ್ಧ ಸ್ಪಗೆಟ್ಟಿ ಡಬ್ಬಿಯಲ್ಲಿ ಮನೆಗೆ ಬಂತು. ತಂಗಳು ಮುಟ್ಟದವರು ಮರುದಿನ ಮಧ್ಯಾಹ್ನ ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.