ಮೊದಲ ಸೀಟು ಚಿಕ್ಕದಾಯಿತು ಅಂದ ಮಾತ್ರಕ್ಕೆ ಮಗುವನ್ನು ಮುಂದಕ್ಕೆ ತಿರುಗಿಸಬೇಡಿ

ಹೋದ ತಿಂಗಳು ಗೆಳೆಯರ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಹೊರಡುವಾಗ ಮಗುವಿನ ಅಪ್ಪ ಖುಷಿಯಿಂದ ಹೇಳಿದರು, "ನಾಳೆಯಿಂದ ಕಾರಿನಲ್ಲಿ ಇವನನ್ನ ಮುಂದಕ್ಕೆ ಮುಖ ಮಾಡಿ ಕೂರಿಸ್ತೀವಿ. ಪಾಪ, ಇವನಿಗೂ ರಸ್ತೆ ಕಾಣಲಿ." ಗ್ಯಾರೇಜಿನಲ್ಲಿ ಹೊಸ ಸೀಟಿನ ಡಬ್ಬ ಇತ್ತು. ಅದರ ಮೇಲಿನ ಚಿತ್ರ ನೋಡಿದ ಕೂಡಲೇ ಎದೆ ಧಸಕ್ ಅಂತು. ನಮ್ಮ ಮಗಳಿಗೆ ನಾವು ತಂದದ್ದೂ ಅಂಥದ್ದೇ ಸೀಟು. ಪುಣ್ಯಕ್ಕೆ ಅವರ ಡಬ್ಬ ಇನ್ನೂ ಒಡೆದಿರಲಿಲ್ಲ. ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದ ನಮ್ಮವರಲ್ಲಿ ಈ ತಪ್ಪನ್ನು ನಾನು ನೋಡಿದ್ದು ಇದು ನಾಲ್ಕನೇ ಸಲ.

ಮೊದಲು ಕಾನೂನು. ಇಲ್ಲಿ 2017ರ ಜನವರಿ 1ರಿಂದ, ಎರಡು ವರ್ಷ ತುಂಬದ ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಕೂರಬೇಕು. ತೂಕ 40 ಪೌಂಡ್ ಅಥವಾ ಎತ್ತರ 40 ಇಂಚು ಮುಟ್ಟಿದ್ದರೆ ಮಾತ್ರ ವಿನಾಯಿತಿ. ಒಂದು ವರ್ಷದ ಮಗು ಅಷ್ಟು ಬೆಳೆದಿರುವುದಿಲ್ಲ. ಮೊದಲ ತಪ್ಪಿಗೆ ದಂಡ 100 ಡಾಲರ್ ಅಂತ ಬರೆದಿದ್ದರೂ ಅದರ ಮೇಲೆ ಹಾಕುವ ಶುಲ್ಕಗಳೆಲ್ಲ ಸೇರಿ ಅದು ಹಲವು ಪಟ್ಟು ಆಗುತ್ತದೆ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ.

ಹಾಗಾದರೆ "ಒಂದು ವರ್ಷಕ್ಕೆ ತಿರುಗಿಸಬಹುದು" ಅನ್ನುವ ಮಾತು ಎಲ್ಲಿಂದ ಬಂತು? ಹಿಂದೆ ಇಲ್ಲಿನ ಸಲಹೆಯೇ ಹಾಗಿತ್ತು: ಕನಿಷ್ಠ ಒಂದು ವರ್ಷ, 20 ಪೌಂಡ್. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಅದನ್ನು ಎರಡು ವರ್ಷಕ್ಕೆ ಏರಿಸಿತು. 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ತೆಗೆದು, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಹಿಂದಕ್ಕೇ ಮುಖ ಇರಲಿ ಅಂತ ಹೇಳಿತು. ಹಳೆಯ ಮಾತು ಮಾತ್ರ ಬಾಯಿಂದ ಬಾಯಿಗೆ ಇನ್ನೂ ಓಡಾಡುತ್ತಿದೆ.

ನಾವು ಎಡವಿದ್ದು ಎಲ್ಲಿ ಅಂದರೆ, ಆಸ್ಪತ್ರೆಯಿಂದ ಮಗು ತರುವಾಗ ಕೊಳ್ಳುವ ಇನ್ಫೆಂಟ್ ಸೀಟು ನೋಡಿ, ಹಿಡಿಕೆ ಇರುವ ಬುಟ್ಟಿಯಂಥದ್ದು. ಅದರ ಮಿತಿ ಸಾಮಾನ್ಯವಾಗಿ 30–35 ಪೌಂಡ್, 30–32 ಇಂಚು. ತೂಕ ಇನ್ನೂ ದೂರ ಇರುತ್ತದೆ, ಎತ್ತರ ಮೊದಲು ಮುಗಿಯುತ್ತದೆ. ನಮ್ಮ ಮಗಳಿಗೆ ಹನ್ನೊಂದು ತಿಂಗಳಿಗೇ ತಲೆ ಸೀಟಿನ ಅಂಚಿಗೆ ಬಂತು. ಈ ಸೀಟು ಮುಗಿಯಿತು ಅಂದರೆ ಹಿಂದಕ್ಕೆ ಮುಖ ಮಾಡುವ ಕಾಲವೂ ಮುಗಿಯಿತು ಅಂದುಕೊಂಡೆವು. ಅಂಗಡಿಗೆ ಹೋಗಿ "ಮುಂದಿನ ಸೀಟು ಕೊಡಿ" ಅಂದೆವು. ಅವರು ಕೊಟ್ಟದ್ದು ಕಾಂಬಿನೇಷನ್ ಸೀಟು: ಮೊದಲು ಹಾರ್ನೆಸ್, ಅಂದರೆ ಸೀಟಿನದೇ ಪಟ್ಟಿಗಳಿಂದ ಮಗುವನ್ನು ಕಟ್ಟುವುದು, ಆಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರಲು ಮಗುವನ್ನು ಎತ್ತರಿಸುವ ಸೀಟು. ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದೇ ಇಲ್ಲ.

ಒಂದು ವರ್ಷದ ಚೆಕಪ್‌ನಲ್ಲಿ ಡಾಕ್ಟರು ಕೇಳಿದರು, ಮಗು ಕಾರಿನಲ್ಲಿ ಯಾವ ಕಡೆ ಮುಖ ಮಾಡಿ ಕೂರುತ್ತೆ ಅಂತ. ನಾನು ಹೇಳಿದ್ದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. ಬಳಸಿದ ಸೀಟನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವತ್ತೇ ಮೂರನೆಯ ಸೀಟು ಕೊಂಡೆವು. ಹಣದ ಬೇಜಾರು ಬೇಗ ಹೋಯಿತು. ಒಂದು ತಿಂಗಳು ಅವಳನ್ನು ಹಾಗೆ ಕೂರಿಸಿ ಫ್ರೀವೇಯಲ್ಲಿ ಓಡಾಡಿದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ನೀವು ಕೊಳ್ಳಬೇಕಾದದ್ದು ಕನ್ವರ್ಟಿಬಲ್ ಸೀಟು. ಎರಡೂ ಕಡೆ ಹಾಕಬಹುದು. ಡಬ್ಬದ ಮೇಲೆ ರಿಯರ್ ಫೇಸಿಂಗ್ (ಹಿಂದಕ್ಕೆ ಮುಖ) ಮಿತಿ ಅಂತ ಬೇರೆಯಾಗಿ ಬರೆದಿರುತ್ತಾರೆ. ಅದನ್ನೇ ಹುಡುಕಿ ಓದಿ. ತುಂಬಾ ಸೀಟುಗಳಲ್ಲಿ ಅದು 40 ಪೌಂಡ್, ಕೆಲವದರಲ್ಲಿ 50. ಮಗು ಆ ತೂಕ ಮುಟ್ಟಬೇಕು, ಇಲ್ಲವೇ ಸೀಟಿನಲ್ಲಿ ಬರೆದ ಎತ್ತರ ಮುಟ್ಟಬೇಕು. ಸಾಮಾನ್ಯವಾಗಿ ತಲೆಯ ಮೇಲೆ ಸೀಟಿನ ಬೆನ್ನು ಒಂದು ಇಂಚಾದರೂ ಉಳಿದಿರಬೇಕು. ಇಷ್ಟರಲ್ಲಿ ಯಾವುದು ಮೊದಲು ಮುಗಿಯುತ್ತದೋ ಆಗ ತಿರುಗಿಸಿ. ಇಂಥ ಸೀಟಿನಲ್ಲಿ ತುಂಬಾ ಮಕ್ಕಳು ಮೂರು ವರ್ಷದವರೆಗೂ, ಕೆಲವರು ಅದಕ್ಕಿಂತ ಜಾಸ್ತಿಯೂ ಹಿಂದಕ್ಕೇ ಕೂರಬಹುದು.

ಕಾಲು ಮಡಚಿಕೊಂಡಿದೆ ಅನ್ನುವುದು ಕಾರಣವಲ್ಲ. ಊರಿಂದ ಬಂದ ಅಜ್ಜಿ ತಾತ ಇದನ್ನೇ ನೋಡಿ ಮರುಗುತ್ತಾರೆ. ಆದರೆ ಮನೆಯಲ್ಲಿ ಮಕ್ಕಳು ಚಕ್ಕಳಮಕ್ಕಳ ಹಾಕಿಯೇ ಕೂರುತ್ತಾರೆ ಅಲ್ವಾ? ಯೋಚನೆ ಮಾಡಬೇಕಾದದ್ದು ಕುತ್ತಿಗೆಯ ಬಗ್ಗೆ. ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ, ಕುತ್ತಿಗೆಯ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎದುರಿಂದ ಗುದ್ದಿದಾಗ ಮುಂದಕ್ಕೆ ಮುಖ ಮಾಡಿದ ಮಗುವಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖ ಇದ್ದರೆ ಆ ಪೆಟ್ಟು ಇಡೀ ಬೆನ್ನಿಗೆ, ತಲೆಗೆ ಹಂಚಿಹೋಗುತ್ತದೆ.

ನನ್ನ ಪ್ರಕಾರ ಇದರಲ್ಲಿ ಸ್ವೀಡನ್ ಎಲ್ಲರಿಗಿಂತ ಮುಂದೆ. ಅಲ್ಲಿ ನಾಲ್ಕು ವರ್ಷದವರೆಗೆ ಹಿಂದಕ್ಕೆ ಕೂರಿಸಿ ಅಂತಲೇ ಹೇಳುತ್ತಾರೆ. ಯುರೋಪಿನ ಹೊಸ ಸೀಟುಗಳ ನಿಯಮ 15 ತಿಂಗಳು ದಾಟಿದರೆ ಸಾಕು ಅನ್ನುತ್ತದೆ. ಅದಕ್ಕಿಂತ ಕ್ಯಾಲಿಫೋರ್ನಿಯಾದ ಎರಡು ವರ್ಷ ಎಷ್ಟೋ ಮೇಲು. ಆದರೆ ಎರಡು ತುಂಬಿದ ಮರುದಿನವೇ ತಿರುಗಿಸಿ ಅಂತ ಈ ಕಾನೂನೂ ಹೇಳುವುದಿಲ್ಲ.

ಇನ್ನೊಂದು ಮಾತು. ಭಾರತದಿಂದ ಸೀಟು ಹೊತ್ತು ತರಬೇಡಿ. ಅಮೆರಿಕದ ಫೆಡರಲ್ ಸುರಕ್ಷತಾ ಮಾನದಂಡಕ್ಕೆ ಹೊಂದುತ್ತದೆ ಅನ್ನುವ ಚೀಟಿ ಸೀಟಿನ ಮೇಲೆ ಇಲ್ಲದಿದ್ದರೆ ಅದು ಇಲ್ಲಿ ನಡೆಯುವುದಿಲ್ಲ.

ಕೊನೆಗೂ ತಿರುಗಿಸುವ ದಿನ ಬಂದಾಗ ಸುಮ್ನೆ ಸೀಟನ್ನು ಎತ್ತಿ ತಿರುಗಿಸಿ ಇಡಬೇಡಿ. ಬೆಲ್ಟ್ ತೂರಿಸುವ ಜಾಗ ಬೇರೆ. ಹಿಂದಕ್ಕೆ ಮುಖ ಇದ್ದಾಗ ಭುಜದ ಪಟ್ಟಿ ಭುಜಕ್ಕೆ ಸಮ ಅಥವಾ ಸ್ವಲ್ಪ ಕೆಳಗಿರಬೇಕು. ಮುಂದಕ್ಕೆ ತಿರುಗಿದ ಮೇಲೆ ಸಮ ಅಥವಾ ಸ್ವಲ್ಪ ಮೇಲಿರಬೇಕು. ಸೀಟಿನ ಬೆನ್ನಿನಲ್ಲಿ ಕೊಕ್ಕೆ ಇರುವ ಒಂದು ಪಟ್ಟಿ ಇರುತ್ತದೆ, ಟೆದರ್ ಅಂತಾರೆ. ತಲೆ ಮುಂದಕ್ಕೆ ಎಗರುವುದನ್ನು ಕಡಿಮೆ ಮಾಡುವುದು ಅದೇ. ಅದನ್ನು ಸಿಕ್ಕಿಸದೆ ನೇತಾಡಲು ಬಿಟ್ಟ ಕಾರುಗಳನ್ನು ನಮ್ಮವರಲ್ಲೇ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸೆಡಾನ್‌ನಲ್ಲಿ ಅದರ ಕೊಂಡಿ ಸಾಮಾನ್ಯವಾಗಿ ಹಿಂದಿನ ಗಾಜಿನ ಕೆಳಗೆ ಇರುತ್ತದೆ. ದೊಡ್ಡ ಗಾಡಿಗಳಲ್ಲಿ ಹಿಂದಿನ ಸೀಟಿನ ಬೆನ್ನಿನ ಮೇಲೋ, ಸಾಮಾನು ಇಡುವ ಕಡೆಯೋ ಹುಡುಕಬೇಕು.

ಅನುಮಾನ ಇದ್ದರೆ ಸರ್ಟಿಫೈಡ್ ಕಾರ್ ಸೀಟ್ ಟೆಕ್ನಿಷಿಯನ್ ಹತ್ತಿರ ಹೋಗಿ. ತುಂಬಾ ಕಡೆ ಉಚಿತ, ಮೊದಲೇ ಸಮಯ ಗೊತ್ತು ಮಾಡಿಕೊಳ್ಳಿ. ಕಾರಿನ ಪುಸ್ತಕ, ಸೀಟಿನ ಪುಸ್ತಕ ಎರಡನ್ನೂ ಒಯ್ಯಿರಿ. ಅವರು ತಾವೇ ಹಾಕಿಕೊಟ್ಟು ಕಳಿಸುವುದಿಲ್ಲ, ನಿಮ್ಮ ಕೈಯಲ್ಲೇ ಹಾಕಿಸುತ್ತಾರೆ. ಅದಕ್ಕೇ ಮನೆಯಲ್ಲಿ ಕಾರು ಓಡಿಸುವವರೆಲ್ಲ ಒಟ್ಟಿಗೆ ಹೋಗಿ.