ಅಜ್ಜಿಯ ಕಡೆಯ ‘ಕ್ಯಾಪ್ಟನ್’ ಕೊನೆಗೂ ಸಿಕ್ಕಿದ: ನನ್ನ ಅನುಭವ

ನಮ್ಮಪ್ಪನ ತಾಯಿ ಆಂಗ್ಲೋ-ಇಂಡಿಯನ್. ಹುಟ್ಟಿದ್ದು ಕೆಜಿಎಫ್‌ನ ಊರ್ಗಾಂನಲ್ಲಿ. ಅವರ ತಾಯಿಯ ತಂದೆ ಬ್ರಿಟಿಷ್ ಸೈನ್ಯದಲ್ಲಿ ಕ್ಯಾಪ್ಟನ್, ಹೆಂಡತಿ ಪೋರ್ಚುಗೀಸ್ ಡಾಕ್ಟರ ಮಗಳು ಅಂತ ಮನೆಯಲ್ಲಿ ಕಥೆ. ಇದನ್ನು ಹುಡುಕುತ್ತೇನೆ ಅಂದಾಗ ಚಿಕ್ಕಪ್ಪಂದಿರು "ಅಷ್ಟು ಹಳೇದು, ಏನೂ ಸಿಗಲ್ಲ, ಬಿಡು" ಅಂದರು. ಆರು ವರ್ಷ ಹಿಡಿಯಿತು. ಆದರೆ ಸಿಕ್ಕಿತು.

ಮೊದಲ ಎರಡು ವರ್ಷ ಪೂರ್ತಿ ದಂಡ. ಕ್ಯಾಪ್ಟನ್ ಅಂದಮೇಲೆ ಸೈನ್ಯದ ಪಟ್ಟಿಯಲ್ಲಿ ಇರಬೇಕು ಅಲ್ವಾ? ಲಂಡನ್ನಿನ ಒಬ್ಬ ಸಂಶೋಧಕರಿಗೆ ಸುಮಾರು 18 ಸಾವಿರ ಕೊಟ್ಟೆ. ಆ ಹೆಸರಿನ ಅಧಿಕಾರಿ ಇಲ್ಲ ಅಂತ ಎರಡು ಪುಟ ಬಂತು. ಅದಕ್ಕೂ ಮುಂಚೆ ‘ನಿಮ್ಮ ಮನೆತನದ ಲಾಂಛನ’ ಅಂತ ಒಂದು ಫ್ರೇಮಿಗೆ ನಾಲ್ಕು ಸಾವಿರ ಸುರಿದಿದ್ದೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅದು ಅವನ ವಂಶದವರಿಗೆ ಮಾತ್ರ. ಒಂದೇ ಉಪನಾಮ ಇದ್ದವರಿಗೆಲ್ಲ ಸೇರಲ್ಲ. ಅಂಥದ್ದನ್ನು ಯಾರೂ ಕೊಳ್ಳಬೇಡಿ.

ದಾರಿ ತೆರೆದದ್ದು ಕೆಜಿಎಫ್ ಇತಿಹಾಸ ಓದುವಾಗ. ಅಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಅಂತ ಒಬ್ಬರು ಬರುತ್ತಾರೆ. ಅವರು ಸೈನ್ಯದವರಲ್ಲ, ಗಣಿಯವರು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲ್ವಿಚಾರಕನನ್ನೇ ಕ್ಯಾಪ್ಟನ್ ಅನ್ನುತ್ತಿದ್ದರು! 1880ರ ದಶಕದಲ್ಲಿ ಕೆಜಿಎಫ್ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಕಾರ್ನ್‌ವಾಲ್‌ನ ಗಣಿಗಾರರನ್ನು ಇಲ್ಲಿಗೆ ಕರೆತಂದಿತ್ತು. ನಮ್ಮವರ ಉಪನಾಮವೂ ‘ಟ್ರೆ’ ಅಂತ ಶುರುವಾಗುತ್ತದೆ, ಅಪ್ಪಟ ಕಾರ್ನಿಷ್. ಅದು ನನಗೆ ಎರಡು ವರ್ಷ ಹೊಳೆದಿರಲೇ ಇಲ್ಲ.

ಮುಂದೆ ಹುಡುಕಿದ್ದು ಮದರಾಸಿನ ಚರ್ಚ್ ದಾಖಲೆಗಳಲ್ಲಿ, ಅಂದರೆ ಆ ಕಾಲದ ದೀಕ್ಷಾಸ್ನಾನ, ಮದುವೆ, ಸಾವುಗಳ ಪಟ್ಟಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅವಕ್ಕೆ ಎನ್/2 ಸರಣಿ ಅಂತ ಹೆಸರು. ಅಲ್ಲಿರುವುದು ಚರ್ಚುಗಳು ಕಳಿಸಿದ ನಕಲು. ನಕಲು ಮಾಡುವಾಗ ಹೆಸರು ಕೆಡುತ್ತದೆ, ಇಂಡೆಕ್ಸ್ ಮಾಡುವಾಗ ಇನ್ನೊಮ್ಮೆ ಕೆಡುತ್ತದೆ. ನಾನು ಒಂದು ಉಪನಾಮವನ್ನು ಹನ್ನೊಂದು ಥರ ಬರೆದು ಹುಡುಕಿದೆ. ಯಾವ ಅಕ್ಷರ ಯಾವುದಾಗಿ ಕೆಡುತ್ತದೆ ಅಂತ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆ ಹನ್ನೊಂದರಲ್ಲಿ ಒಂಬತ್ತನೆಯದಕ್ಕೆ 1890ರ ಆಸುಪಾಸಿನ ಮದುವೆ ಸಿಕ್ಕಿತು. ವರನ ಕೆಲಸ ಗಣಿಗಾರ, ವಯಸ್ಸು 28, ತಂದೆ ಜಾನ್.

ಕಾರ್ನ್‌ವಾಲ್‌ನಲ್ಲಿ ಜಾನ್ ಅಂದರೆ ನಮ್ಮಲ್ಲಿ ರಾಮಯ್ಯ ಅಂದ ಹಾಗೆ. ಅದೇ ಹೆಸರು, ಅದೇ ವಯಸ್ಸು, ತಂದೆ ಜಾನ್, ಇಂಥವರು ಆರು ಜನ ಇದ್ದರು. ಎಲ್ಲರೂ ಕ್ಯಾಂಬೋರ್ನ್, ರೆಡ್ರೂತ್ ಸುತ್ತಮುತ್ತ. ಬಹಳ ಜನ ಇಲ್ಲಿ ಇಷ್ಟವಾದವನನ್ನು ಆರಿಸಿಕೊಂಡುಬಿಡುತ್ತಾರೆ. ಸುಳ್ಳು ವಂಶವೃಕ್ಷಗಳಲ್ಲಿ ಅರ್ಧ ಹುಟ್ಟುವುದೇ ಹೀಗೆ. ನಾನು ಆರೂ ಜನರನ್ನು ಸಾಯುವವರೆಗೆ ಹಿಂಬಾಲಿಸಿದೆ. ಇಬ್ಬರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಇಬ್ಬರು 1891ರ ಜನಗಣತಿಯಲ್ಲಿ ಊರಲ್ಲೇ ಹೆಂಡತಿ ಜೊತೆ ಇದ್ದರು. ಉಳಿದವರು ಇಬ್ಬರು. ಕಾರ್ನ್‌ವಾಲ್‌ನ ಸ್ವಯಂಸೇವಕರು ಮಾಡಿರುವ ಪ್ಯಾರಿಷ್ (ಊರ ಚರ್ಚಿನ ದಾಖಲೆಗಳ) ಡೇಟಾಬೇಸ್ ಇದಕ್ಕೆ ಬಂಗಾರದಂಥದ್ದು, ಅದೂ ಪುಕ್ಕಟೆ. ಸರ್ಟಿಫಿಕೇಟುಗಳಿಗೆ ಒಟ್ಟು ಏಳೆಂಟು ಸಾವಿರ ಆಗಿರಬೇಕು.

ನಡುವೆ ಕೆಜಿಎಫ್ ಸ್ಮಶಾನದಲ್ಲಿ ಸವೆದ ಕಲ್ಲು ಓದಲು ಹೋಗಿದ್ದೆ. ಮೊದಲು ಹಿಟ್ಟು ಸವರಿದೆ. ತಪ್ಪು, ಅದು ಕಲ್ಲನ್ನೇ ಹಾಳು ಮಾಡುತ್ತದೆ. ಆಮೇಲೆ ನೂರಿಪ್ಪತ್ತು ರೂಪಾಯಿಯ ಕನ್ನಡಿ ಒಯ್ದೆ. ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರ ಎದ್ದು ನಿಲ್ಲುತ್ತದೆ. ನಮ್ಮವರ ಕಲ್ಲು ಸಿಗಲಿಲ್ಲ. ಆದರೆ ಬೇರೆ ಮೂರು ಮನೆಯವರಿಗೆ ಅವರವರ ಕಲ್ಲು ಓದಿಕೊಟ್ಟೆ.

ಕೊನೆಯ ಇಬ್ಬರಲ್ಲಿ ಯಾರು ಅಂತ ಹೇಳಿದ್ದು ಡಿಎನ್ಎ. ಅಪ್ಪನ ಎಂಜಲು ಕಳಿಸಿದೆ. ಕಾಫಿ ಕುಡಿದ ತಕ್ಷಣ ಕೊಟ್ಟಿದ್ದರು, ಮೊದಲ ಸ್ಯಾಂಪಲ್ ಕೆಟ್ಟಿತು, ಎರಡು ತಿಂಗಳು ಹೋಯಿತು. ಶೇಕಡಾ ಇಷ್ಟು ಯುರೋಪಿಯನ್ ಅನ್ನುವ ಬಣ್ಣದ ನಕ್ಷೆಯನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಡಿಎನ್ಎ ಫಲಿತಾಂಶ ಹೋಲಿಸಿ ನೆಂಟರನ್ನು ಹುಡುಕುವ ವೆಬ್‌ಸೈಟ್ ಜಿಇಡಿಮ್ಯಾಚ್‌ಗೆ ಹಾಕಿ ಕಾದೆ. ಎಂಟು ತಿಂಗಳ ನಂತರ ದಕ್ಷಿಣ ಆಸ್ಟ್ರೇಲಿಯಾದ ಒಬ್ಬ ಮಹಿಳೆ ಹೊಂದಿದರು, ಸುಮಾರು 60 ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್ಎ ಎಷ್ಟು ಅಂತ ಅಳೆಯುವ ಮಾನ). ಅವರ ಹಿರಿಯರು ಹೋಗಿದ್ದು ಮೂಂಟಾದ ತಾಮ್ರದ ಗಣಿಗೆ. ಅದೂ ಕಾರ್ನಿಷ್ ಗಣಿಗಾರರ ಊರೇ. ಅವರ ಮುತ್ತಜ್ಜಿ ಕೊನೆಗೆ ಉಳಿದಿದ್ದ ಆ ಇಬ್ಬರಲ್ಲಿ ಒಬ್ಬನ ಅಕ್ಕ! ಅಪ್ಪನಿಗೆ ಅವರು ಮೂರನೇ ಕಸಿನ್, ಅಂದರೆ ಅಪ್ಪನ ಮುತ್ತಜ್ಜ, ಅವರ ಮುತ್ತಜ್ಜಿ ಒಡಹುಟ್ಟಿದವರು. ಅಂಕಿಯೂ ಅದಕ್ಕೆ ಸರಿಯಾಗಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೋರ್ಚುಗೀಸ್ ಹೆಂಡತಿ? ಮದುವೆ ದಾಖಲೆಯಲ್ಲಿ ಅವಳ ಸಹಿ ಒಂದು ಅಡ್ಡಗೀಟು, ಅಂದರೆ ಹೆಸರು ಬರೆಯಲು ಬರುತ್ತಿರಲಿಲ್ಲ. ತಂದೆಗೆ ಉಪನಾಮವೇ ಇಲ್ಲ, ಕ್ರೈಸ್ತ ಹೆಸರೊಂದೇ. ಅವಳಿಂದ ಅವಳ ಮಗಳಿಗೆ, ಅಲ್ಲಿಂದ ಅಜ್ಜಿಗೆ, ಅಜ್ಜಿಯಿಂದ ಅಪ್ಪನಿಗೆ ಬಂದ ತಾಯಿ ಕಡೆಯ ಡಿಎನ್ಎ ಹ್ಯಾಪ್ಲೋಗುಂಪು (ಒಂದೇ ಮೂಲ ತಾಯಿಯಿಂದ ಬಂದವರ ಗುಂಪು) ಎಂ. ಅದರಲ್ಲೂ ಭಾರತದ್ದೇ ಒಂದು ಕವಲು. ಅವಳ ತಾಯಿಯ ಕಡೆಯ ಬೇರು ಇಲ್ಲಿಯದೇ, ಲಿಸ್ಬನ್ನಿನದಲ್ಲ. ಡಾಕ್ಟರ ಮಗಳು ಅನ್ನುವುದಕ್ಕೆ ಒಂದು ಚೂರು ಕಾಗದವೂ ಸಿಗಲಿಲ್ಲ. ನೂರು ವರ್ಷ ಅವಳನ್ನು ನಮ್ಮವರೇ ಮುಚ್ಚಿಟ್ಟಿದ್ದರು. ನನಗೆ ಕ್ಯಾಪ್ಟನ್ ಸಿಕ್ಕಿದ್ದಕ್ಕಿಂತ ಇವಳು ಸಿಕ್ಕಿದ್ದೇ ಜಾಸ್ತಿ ಖುಷಿ. ಅಪ್ಪ ಲಾಂಛನದ ಫ್ರೇಮಿನಿಂದ ಆ ಹಾಳೆ ತೆಗೆಸಿದರು. ಈಗ ಅದರಲ್ಲಿ ಅವಳ ಅಡ್ಡಗೀಟಿರುವ ಪುಟದ ಪ್ರಿಂಟ್ ಇದೆ.